ವೈಟ್‌ಫೀಲ್ಡ್ ಎಂಬ ಚಿಪ್

ವೈಟ್‌ಫೀಲ್ಡ್ ಎಂದರೆ ಇವತ್ತು ಟ್ರಾಫಿಕ್ಕು, ಮೆಟ್ರೋ, ಗಾಜಿನ ಕಟ್ಟಡಗಳು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳು ಬೇಸಾಯ ಮಾಡಿಕೊಂಡಿರಲೆಂದು ಕಟ್ಟಿದ ಊರು ಅದು. ಅದೇ ಹೆಸರಿನ ಒಂದು ಮೈಕ್ರೋಪ್ರೊಸೆಸರೂ ಇತ್ತು. ಅದನ್ನು ಯಾರೂ ಕೊಂಡಿಲ್ಲ, ಯಾವ ಅಂಗಡಿಯಲ್ಲೂ ಅದು ಸಿಗಲಿಲ್ಲ.

ಸರ್ವರ್‌ಗಳಿಗೆಂದು ಇಂಟೆಲ್ ಕಂಪನಿ ಮಾಡುವ ಕ್ಸಿಯಾನ್ ಸರಣಿಯಲ್ಲಿ ಬರಬೇಕಿದ್ದ ಚಿಪ್ ಅದು. ವಿನ್ಯಾಸ ನಡೆಯುತ್ತಿದ್ದದ್ದು ಬೆಂಗಳೂರಿನಲ್ಲಿ. 2005ರ ಅಕ್ಟೋಬರಿನಲ್ಲಿ ಕಂಪನಿ ಆ ಯೋಜನೆಯನ್ನು ಕೈಬಿಟ್ಟಿತು.

ಚಿಪ್ ವಿನ್ಯಾಸ ಬೆಂಗಳೂರಿಗೆ ಬಂದು ಆಗಲೇ ಇಪ್ಪತ್ತು ವರ್ಷವಾಗಿತ್ತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಕಚೇರಿ ತೆರೆದಾಗ ಉಪಗ್ರಹ ಸಂಪರ್ಕದ ಸಾಮಾನು ಎತ್ತಿನ ಗಾಡಿಯಲ್ಲಿ ಬಂತೆಂಬ ಕತೆಯನ್ನು ಈ ಊರು ಇನ್ನೂ ಹೇಳಿಕೊಳ್ಳುತ್ತದೆ. ಸಾಮಾನು ಬಂದದ್ದು ಗಾಡಿಯಲ್ಲಿ, ಕೆಲಸ ಹೋದದ್ದು ಆಕಾಶದಲ್ಲಿ. ಇಲ್ಲಿ ಬರೆದ ವಿನ್ಯಾಸ ಅಮೆರಿಕ ತಲುಪುತ್ತಿತ್ತು.

ಹೀಗೆ ಬರೆಯುವುದರಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಪರೀಕ್ಷೆ. ಸಾಫ್ಟ್‌ವೇರಿನಲ್ಲಿ ತಪ್ಪಾದರೆ ನಾಳೆ ತಿದ್ದಿ ಕಳಿಸಬಹುದು. ಸಿಲಿಕಾನಿನ ಮೇಲೆ ಒಮ್ಮೆ ಅಚ್ಚಾದದ್ದನ್ನು ಅಳಿಸಲಾಗದು. ಇಂಟೆಲ್‌ನ ಪೆಂಟಿಯಂ ಚಿಪ್ಪಿನಲ್ಲಿ ಭಾಗಾಕಾರಕ್ಕೆ ಬಳಸುವ ಕೋಷ್ಟಕದಲ್ಲಿ ಐದು ನಮೂದುಗಳು ಬಿಟ್ಟುಹೋಗಿದ್ದವು. 1994ರಲ್ಲಿ ಅದು ಬಯಲಾದಾಗ ಕಂಪನಿ ತೆತ್ತ ಬೆಲೆ 47.5 ಕೋಟಿ ಡಾಲರ್. ಅಂಥ ಐದು ನಮೂದುಗಳನ್ನು ಮೊದಲೇ ಹುಡುಕುವುದಕ್ಕಾಗಿ ಎಂಜಿನಿಯರುಗಳು ವರ್ಷಗಟ್ಟಲೆ ಕೂರುತ್ತಾರೆ. ಸರಿಯಾಗಿ ಮಾಡಿದರೆ ಏನೂ ಆಗುವುದಿಲ್ಲ. ಏನೂ ಆಗದಿರುವುದನ್ನು ಮನೆಯವರಿಗೆ ತೋರಿಸುವುದು ಹೇಗೆ?

ವೈಟ್‌ಫೀಲ್ಡ್ ನಿಂತ ಮೇಲೂ ಬೆಂಗಳೂರಿನಲ್ಲಿ ಕೆಲಸ ನಿಲ್ಲಲಿಲ್ಲ. 2008ರ ಸೆಪ್ಟೆಂಬರಿನಲ್ಲಿ ಕ್ಸಿಯಾನ್ 7400 ಬಂತು. ಒಂದೇ ಚಿಪ್ಪಿನಲ್ಲಿ ಆರು ಕೋರ್, 190 ಕೋಟಿ ಟ್ರಾನ್ಸಿಸ್ಟರ್. ವಿನ್ಯಾಸ ಬೆಂಗಳೂರಿನದು, ಅಚ್ಚು ಹಾಕಿದ ಕಾರ್ಖಾನೆ ಹೊರದೇಶದ್ದು, ಮೇಲಿನ ಹೆಸರು ಕಂಪನಿಯದು.

ಈ ಕತೆ ಕೇಳಿ ಕೆಲವರು ಹೆಮ್ಮೆಪಡುತ್ತಾರೆ, ಜಗತ್ತಿನ ಚಿಪ್ಪುಗಳು ನಮ್ಮ ಹುಡುಗರ ಕೈಯಲ್ಲಿವೆ ಎಂದು. ಇನ್ನು ಕೆಲವರು ಇದೆಲ್ಲ ಪರರ ಕೂಲಿ ಎಂದು ಮೂಗು ಮುರಿಯುತ್ತಾರೆ. ಆರು ಕೋರಿನ ಪ್ರೊಸೆಸರನ್ನು ತಪ್ಪಿಲ್ಲದೆ ಮುಗಿಸುವುದು ಕೂಲಿಯಲ್ಲ; ಅದು ವಿದ್ಯೆ. ಆದರೆ ಯಾವ ಚಿಪ್ ಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವ ಅಧಿಕಾರ ವಿದ್ಯೆಯ ಜೊತೆಗೇ ಬರುವುದಿಲ್ಲ. ಹೊಲ ಉಳುವವನಿಗೆ ಮಣ್ಣು ಗೊತ್ತು. ಏನು ಬಿತ್ತಬೇಕೆಂದು ಹೇಳುವವನು ಹೊಲದ ಒಡೆಯ.

ಆ ಒಡೆತನದ ಕಡೆಗೆ ಒಂದು ದಾರಿ ಪಕ್ಕದ ಚೆನ್ನೈಯಲ್ಲಿ ಕಾಣುತ್ತದೆ. ಐಐಟಿ ಮದ್ರಾಸಿನವರ 'ಶಕ್ತಿ' ಪ್ರೊಸೆಸರ್ ನಿಂತಿರುವುದು ರಿಸ್ಕ್-ಫೈವ್ ಎಂಬ ಸೂಚನಾ ಪಟ್ಟಿಯ ಮೇಲೆ. 2010ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ ಈ ಪಟ್ಟಿಯನ್ನು ಬಳಸಲು ಯಾರಿಗೂ ಶುಲ್ಕ ಕೊಡಬೇಕಿಲ್ಲ. 2018ರಲ್ಲಿ ಶಕ್ತಿಯ ಒಂದು ಚಿಪ್ ಮೊಹಾಲಿಯ ಸರ್ಕಾರಿ ಕಾರ್ಖಾನೆಯಲ್ಲಿ 180 ನ್ಯಾನೋಮೀಟರ್ ತಂತ್ರದಲ್ಲಿ ತಯಾರಾಯಿತು. ಕ್ಸಿಯಾನ್ 7400 ಹತ್ತು ವರ್ಷ ಮುಂಚೆಯೇ 45ಕ್ಕೆ ಇಳಿದಿತ್ತು. ಹೋಲಿಸಿದರೆ ಶಕ್ತಿಯದು ಒರಟು ಕೆಲಸ, ಆದರೆ ಅದನ್ನು ಮುಂದುವರಿಸುವ ಅಥವಾ ನಿಲ್ಲಿಸುವ ಮಾತು ಮಾಡಿದವರ ಕೈಯಲ್ಲೇ ಇದೆ.

ಬೆಂಗಳೂರಿಗೆ ನಾಜೂಕಾದ ಕೆಲಸ ಬರುತ್ತದೆ. ಮುಂದಿನ ಚಿಪ್ಪಿಗೆ ಈ ಊರಿನ ಯಾವ ಬಡಾವಣೆಯ ಹೆಸರು ಇಡುತ್ತಾರೆ ಎನ್ನುವುದು ದೊಡ್ಡ ಮಾತಲ್ಲ. ಅದನ್ನು ಬಿಡಬೇಕೋ ಮುಗಿಸಬೇಕೋ ಎಂಬ ಸಭೆ ಯಾವ ಊರಿನಲ್ಲಿ ನಡೆಯುತ್ತದೆ ಎನ್ನುವುದೇ ಮುಖ್ಯ.