ಕರಿಯ ಮೇಣದ ಬತ್ತಿ

ಗಣಕಯಂತ್ರದ ಆಟವೆಂದರೆ ಹುಡುಗರ ಕಾಲಹರಣವೆಂದು ನಮ್ಮ ವಾಚಕರಲ್ಲಿ ಅನೇಕರು ಭಾವಿಸಿರಬಹುದು. ಆದರೆ ಸ್ವೀಡನ್ ದೇಶದ ಇಲ್‌ವಿಂಟರ್ ಎಂಬ ಸಣ್ಣ ಸಂಸ್ಥೆಯವರು ರಚಿಸಿದ ‘ಡೊಮಿನಿಯನ್ಸ್’ ಎಂಬ ಆಟವು ಸಂಸಾರಸ್ಥರ ತಾಳ್ಮೆಯನ್ನೂ ಪರೀಕ್ಷಿಸತಕ್ಕದ್ದು. 2017ರಲ್ಲಿ ಹೊರಬಿದ್ದ ಅದರ ಐದನೆಯ ಆವೃತ್ತಿಯನ್ನು ನಾವು ಬಂಧುಮಿತ್ರರೊಡನೆ ಆಡಿದೆವು. ಪ್ರತಿಯೊಬ್ಬನೂ ದೇವಪದವಿಗೆ ಹಂಬಲಿಸುವ ಒಂದು ಶಕ್ತಿಯಾಗಿ ಒಂದೊಂದು ರಾಜ್ಯವನ್ನು ಆಳಬೇಕು. ಎಲ್ಲರೂ ಗುಟ್ಟಾಗಿ ಬರೆದು ಕಳುಹಿಸಿದ ಆಜ್ಞೆಗಳು ಏಕಕಾಲದಲ್ಲಿ ನಡೆಯುವುವು. ಆಟದೊಳಗೆ ಒಂದು ತಿಂಗಳು ಕಳೆಯುವುದು. ದಿನಕ್ಕೊಂದು ತಿಂಗಳೆಂದು ನಾವು ಗೊತ್ತುಮಾಡಿಕೊಂಡಿದ್ದೆವು.

ನಮ್ಮ ಪಾಲಿಗೆ ಬಂದುದು ‘ಬಂದರ್ ಲೋಗ್’ ಎಂಬ ವಾನರರ ರಾಜ್ಯ. ಹೆಸರು ಕಿಪ್ಲಿಂಗನ 1894ರ ಕಾಡಿನ ಕಥೆಗಳದು. ನಮಗೆ ಇದಕ್ಕಿಂತ ತಕ್ಕ ರಾಜ್ಯವು ದೊರೆಯಲಾರದೆಂದು ಮನೆಯ ಮಕ್ಕಳು ನಕ್ಕುದನ್ನು ಇಲ್ಲಿ ವಿಸ್ತರಿಸುವುದಿಲ್ಲ. ನೆರೆಯಲ್ಲಿದ್ದುದು ನಮ್ಮ ಭಾವಮೈದುನನ ‘ಎರ್ಮೋರ್’.

ಎರ್ಮೋರ್ ಸತ್ತವರ ಸಾಮ್ರಾಜ್ಯ. ಅದರ ಪ್ರೇತಸೈನ್ಯಕ್ಕೆ ಅನ್ನವೂ ಬೇಡ, ಸಂಬಳವೂ ಬೇಡ. ಅದರ ದೇವರ ಪ್ರಭಾವವು ಹಬ್ಬಿದ ನಾಡಿನಲ್ಲಿ ಪ್ರಜೆಗಳು ತಿಂಗಳು ತಿಂಗಳಿಗೂ ಸಾಯುತ್ತ ಹೋಗುವರು. ಆದುದರಿಂದ ಅದನ್ನು ಗೆದ್ದವನಿಗೆ ದೊರೆಯುವುದು ಕಂದಾಯ ಹುಟ್ಟದ ಬರಿಯ ನೆಲ. ಭಯವೇನೋ ಎಲ್ಲರಿಗೂ ಇದ್ದಿತು. ದಂಡೆತ್ತುವ ವೆಚ್ಚವು ಮಾತ್ರ ಮತ್ತೊಬ್ಬನದಾಗಲೆಂದು ಎಲ್ಲರ ಹಾರೈಕೆ. ಎಂಟನೆಯ ತಿಂಗಳಿನೊಳಗೆ ನಮಗೆ ಮೂರು ಪತ್ರಗಳು ಬಂದುವು. “ಗಡಿಯಲ್ಲಿರುವವರು ನೀವು, ನೀವೇ ಮೊದಲು ಮಾಡಿರಿ” ಎಂಬುದೇ ಮೂರರ ಸಾರ.

ನೆರೆಯವನು ಸಹಜಶತ್ರುವೆಂದು ಕೌಟಿಲ್ಯನು ಹೇಳಿದ್ದರೂ ನಾವು ಭಾವಮೈದುನನೊಡನೆ ಸಂಧಿಯನ್ನೇ ಮಾಡಿಕೊಂಡಿದ್ದೆವು. ಯುದ್ಧವನ್ನು ಹೂಡುವ ಮುನ್ನ ಮೂರು ತಿಂಗಳ ಮುನ್ಸೂಚನೆ ಕೊಡಬೇಕೆಂಬುದು ಈ ಆಟಗಾರರಲ್ಲಿ ರೂಢಿಯಾಗಿರುವ ಕರಾರು. ಮುರಿದವನನ್ನು ದಂಡಿಸಲು ನಮ್ಮಲ್ಲಿ ನ್ಯಾಯಸ್ಥಾನವಿರಲಿಲ್ಲ, ಮಾತೇ ಆಧಾರ. ಅವನು ಆ ಮಾತನ್ನು ಅಕ್ಷರಶಃ ನಡೆಸಿದನು.

ಹೀಗಿರಲು ಒಂದು ರಾತ್ರಿ ನಮ್ಮ ಗಡಿನಾಡಿನ ಮೇಲೆ ಕರಿಯ ಮೇಣದ ಬತ್ತಿಯೊಂದು ಕಾಣಿಸಿತು. ಸ್ವಂತ ದೇವರ ಪ್ರಭಾವವನ್ನು ಬಿಳಿಯ ಬತ್ತಿಗಳೂ ಪರರದನ್ನು ಕರಿಯ ಬತ್ತಿಗಳೂ ಸೂಚಿಸುತ್ತವೆ. ಮುಂದಿನ ತಿಂಗಳು ಅವು ಎರಡಾದುವು. ನಮ್ಮ ಪ್ರಜೆಗಳ ಸಂಖ್ಯೆಯು ಇಳಿಯತೊಡಗಿತು. ಒಬ್ಬ ಸೈನಿಕನೂ ಗಡಿಯನ್ನು ದಾಟಿರಲಿಲ್ಲ. ಇದು ಸಂಧಿಯ ಭಂಗವೆ, ಅಲ್ಲವೆ?

ನಾವು ಕೇಳಿದುದಕ್ಕೆ ಅವನು ಬರೆದನು: “ಭಾವ, ನಮ್ಮ ಮನೆಯ ಧೂಪದ ಹೊಗೆ ಪಕ್ಕದ ಮನೆಗೆ ಹೋದರೆ ಅದನ್ನು ಕಳ್ಳತನವೆನ್ನುವರೆ? ನನ್ನ ರಾಜ್ಯದ ಗುಣವೇ ಅದು.” ಆ ಹೊಗೆಯಿಂದ ಪಕ್ಕದ ಮನೆಯ ಕೂಸು ಸಾಯುವುದಾದರೆ ಏನೆನ್ನಬೇಕೆಂದು ನಾವು ಮರುಪ್ರಶ್ನೆ ಹಾಕಿದೆವು. ಉತ್ತರ ಬರಲಿಲ್ಲ. ಅವನು ಸುಳ್ಳಾಡಲಿಲ್ಲವೆಂಬುದರಲ್ಲಿ ನಮಗೆ ಇಂದಿಗೂ ಸಂದೇಹವಿಲ್ಲ. ಅವನ ಮನಸ್ಸಿನಲ್ಲಿ ದ್ವೇಷವಿದ್ದಿದ್ದರೆ ಒಲಿಸಿಕೊಳ್ಳಬಹುದಾಗಿತ್ತು. ರಾಜ್ಯದ ಸ್ವಭಾವವನ್ನು ಒಲಿಸುವುದು ಹೇಗೆ?

ಮುನ್ಸೂಚನೆ ಕೊಟ್ಟೆವು. ಹೇಳದೆಯೇ ಹೊಡೆಯಬೇಕಾಗಿತ್ತೆಂದು ಮಿತ್ರರು ಹಳಿದರು. ಕೊಟ್ಟ ಮಾತಿನಂತೆ ನಡೆದುದೇ ಸರಿಯೆಂದು ನಮ್ಮ ಮತ. ಆದರೆ ಆ ಭಾನುವಾರ ಭಾವಮೈದುನನ ದೂರವಾಣಿ ಕರೆಯು ಬರಲಿಲ್ಲ, ಮರುವಾರವೂ ಬರಲಿಲ್ಲ. “ಮಂಗಗಳಿಗೋಸ್ಕರ ನನ್ನ ತಮ್ಮನನ್ನು ಬಿಡುವಿರಾ?” ಎಂದು ಮನೆಯವರು ಕೇಳಿದರು. ನಾವೇ ಕರೆದೆವು. ಮೊದಲು ಮಳೆಯ ಮಾತು, ಬಳಿಕ ಅತ್ತೆಯವರ ಮಂಡಿನೋವಿನ ಮಾತು. ಕಡೆಗೆ ಅವನೇ, “ನಿಮ್ಮ ಅರ್ಚಕರು ನನ್ನ ಅಸ್ಥಿಪಂಜರಗಳನ್ನು ಮಂತ್ರದಿಂದ ಪುಡಿಮಾಡುವರು, ಭಾವ, ಅವರನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿಕೊಳ್ಳಿ” ಎಂದನು. ಶತ್ರುವಿನಿಂದ ಅಂತಹ ಉಪದೇಶವು ನಮಗೆ ಬೇರೆಲ್ಲಿಯೂ ದೊರೆತಿಲ್ಲ.

ಯುದ್ಧವು ಹದಿನಾಲ್ಕು ತಿಂಗಳು ನಡೆಯಿತು. ಪತ್ರ ಬರೆದ ಮೂವರಲ್ಲಿ ಇಬ್ಬರು ದಂಡನ್ನು ಕಳುಹಿಸಿದರು. ಮೂರನೆಯವರು ಕಬ್ಬಿಣದ ಕವಚಗಳಿಗೆ ಹೆಸರಾದ ಉಲ್ಮ್ ರಾಜ್ಯದವರು. ಪ್ರತಿವಾರವೂ ನಮಗೆ ಶುಭವನ್ನು ಹಾರೈಸುತ್ತ, ಆಟವನ್ನು ಗೆಲ್ಲಲು ಬೇಕಾದ ಸಿಂಹಾಸನಗಳನ್ನು ಒಂದೊಂದಾಗಿ ವಶಮಾಡಿಕೊಂಡರು. ಅವರ ಕಡೆ ಕರಿಯ ಬತ್ತಿಗಳನ್ನು ಎಣಿಸುವ ಬಿಡುವು ನಮಗಾರಿಗೂ ಇರಲಿಲ್ಲ.

ಮುಂದಿನ ಆಟವು ಬರುವ ತಿಂಗಳು ಮೊದಲಾಗುವುದು. ನಮ್ಮ ಭಾವಮೈದುನನು ಈ ಸಲ ಉಲ್ಮ್ ರಾಜ್ಯವನ್ನು ಕೇಳಿ ಪಡೆದಿರುವನು.