ಬಿಸಿಲ ನಾಡಿನ ಬಿರುಕು ಕಂದರದಲ್ಲಿ

ಮಕ್ಕಳು ಅಮೆರಿಕದಲ್ಲಿ ನೆಲೆಸಿರುವ ಕಾರಣ ಆ ದೇಶವನ್ನು ನೋಡುವ ಯೋಗ ಒದಗಿದ ಹಿರಿಯರು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ನಯಾಗರ ಜಲಪಾತವನ್ನೂ ಒಂದೆರಡು ಮಹಾನಗರಗಳನ್ನೂ ಕಂಡು ಅವರು ತೃಪ್ತರಾಗಿ ಮರಳುವುದು ವಾಡಿಕೆ. 2018ರ ಸೆಪ್ಟೆಂಬರಿನಲ್ಲಿ ಅಳಿಯಂದಿರು ನನ್ನನ್ನು ಕರೆದೊಯ್ದದ್ದು ಹನಿ ನೀರೂ ಕಾಣದ, ಆದರೆ ನೀರೇ ಕಡೆದಿಟ್ಟ ಒಂದು ತಾಣಕ್ಕೆ.

ಯೂಟಾ ಮತ್ತು ಅರಿಜೋನಾ ರಾಜ್ಯಗಳ ಗಡಿಯಲ್ಲಿ, ಕನಾಬ್ ಮತ್ತು ಪೇಜ್ ಎಂಬ ಎರಡು ಸಣ್ಣ ಊರುಗಳ ನಡುವಣ ಮರುಭೂಮಿಯಲ್ಲಿ ಬಕ್‌ಸ್ಕಿನ್ ಗಲ್ಚ್ ಎಂಬ ಕಂದರವಿದೆ. ಅಗಲ ಅತ್ಯಲ್ಪ, ಆಳ ನೂರಾರು ಅಡಿ. ನೆಲವೇ ಬಿರುಕು ಬಿಟ್ಟಂತೆ ತೋರುವ ಇಂಥವುಗಳಿಗೆ ಅಲ್ಲಿಯವರು ಸ್ಲಾಟ್ ಕ್ಯಾನಿಯನ್ ಎನ್ನುತ್ತಾರೆ. ಬಿರುಕು ಕಂದರವೆಂದು ನಾವು ಕರೆಯಬಹುದು. ಬಕ್‌ಸ್ಕಿನ್ 12 ಮೈಲಿಗೂ ಮಿಕ್ಕಿ ಹೀಗೆಯೇ ಸಾಗುತ್ತದೆ. 1984ರಿಂದ ಈ ಪ್ರದೇಶ ಕಾನೂನಿನಿಂದ ರಕ್ಷಿತವಾದ ವನ್ಯಭೂಮಿ. ಒಳಗೆ ರಸ್ತೆಯಿಲ್ಲ, ಅಂಗಡಿಯಿಲ್ಲ, ವಾಹನದ ಸದ್ದಿಲ್ಲ.

ವಯರ್ ಪಾಸ್ ಎಂಬಲ್ಲಿ ಕಾರು ನಿಲ್ಲಿಸಿ, ಶುಲ್ಕ ತೆತ್ತು, ಬತ್ತಿದ ಹಳ್ಳದ ಮರಳಿನಲ್ಲಿ ನಡೆದೆವು. ಬೆಳಗಿನ ಬಿಸಿಲೇ ತಲೆ ಸುಡುತ್ತಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಇಕ್ಕೆಲದ ಬಂಡೆಗಳು ಎದ್ದುನಿಂತು ಒಂದಕ್ಕೊಂದು ಸಮೀಪಿಸಿದವು. ಬಾದಾಮಿಯಲ್ಲಿ ಉತ್ತರದ ಕೋಟೆಗೆ ಏರುವಾಗ ಕೆಂಗಲ್ಲಿನ ಗೋಡೆಗಳ ನಡುವೆ ಸಿಗುವ ಇಕ್ಕಟ್ಟಿನ ದಾರಿಯನ್ನು ಬಲ್ಲವರು ಅದನ್ನು ನೆನೆದುಕೊಳ್ಳಬಹುದು. ಆದರೆ ಇಲ್ಲಿ ಕೆಲವೆಡೆ ಎರಡೂ ಭುಜಗಳು ಕಲ್ಲಿಗೆ ತಾಗುತ್ತವೆ, ಆಕಾಶವು ನೀಲಿಯ ಒಂದು ದಾರವಾಗಿ ಉಳಿಯುತ್ತದೆ. ಉರಿಬಿಸಿಲಿನಿಂದ ಬಂದವನಿಗೆ ಆ ತಂಪು ಗರ್ಭಗುಡಿಯ ತಂಪಿನಂತೆ ತೋರಿತು. ಒಂದೆಡೆ ಬಂಡೆಯೊಂದು ದಾರಿಗೆ ಅಡ್ಡವಾಗಿ ಸಿಕ್ಕಿಕೊಂಡಿತ್ತು. ಅಲ್ಲಿ ಇಳಿಯಲು ಅಳಿಯಂದಿರು ಹೆಗಲು ಕೊಟ್ಟರು. ಮಾತುಗಾರ್ತಿಯಾದ ನನ್ನ ಮೊಮ್ಮಗಳು ಕೂಡ ಅಲ್ಲಿ ಪಿಸುಗುಟ್ಟತೊಡಗಿದಳು. ಮೌನವಾಗಿರೆಂದು ಯಾರೂ ಆಕೆಗೆ ಹೇಳಿರಲಿಲ್ಲ.

ಗೋಡೆಗಳ ಮೇಲೆ ಬಾಚಣಿಗೆಯಿಂದ ಎಳೆದಂತಹ ಓರೆ ಗೆರೆಗಳು. ಸುಮಾರು 19 ಕೋಟಿ ವರ್ಷಗಳ ಹಿಂದೆ ಗಾಳಿ ಒಟ್ಟಿದ ಮರಳುದಿಬ್ಬಗಳ ಪದರಗಳಿವು. ಆ ಮರಳೇ ಗಟ್ಟಿಯಾಗಿ ಕಲ್ಲಾಯಿತು. ಅದರೊಳಗಿನ ಕಬ್ಬಿಣದ ಅಂಶ ಕೆಂಪು, ಕಿತ್ತಳೆ ಬಣ್ಣಗಳನ್ನು ಕೊಟ್ಟಿತು. ಗಾಳಿ ಕಟ್ಟಿದ್ದನ್ನು ಆಮೇಲೆ ನೀರು ಕೊರೆಯಿತು. ಮರುಭೂಮಿಯಲ್ಲಿ ಮಳೆ ಅಪರೂಪ, ಆದರೆ ಬಿದ್ದಾಗ ಬೋಳುಬಂಡೆ ಅದನ್ನು ಹೀರಿಕೊಳ್ಳುವುದಿಲ್ಲ. ಹತ್ತಾರು ಹಳ್ಳಗಳ ನೀರು ಒಮ್ಮೆಲೇ ಈ ಬಿರುಕಿಗೆ ನುಗ್ಗುತ್ತದೆ. ನೀರೊಂದೇ ಆಗಿದ್ದರೆ ಕಲ್ಲು ಇಷ್ಟು ಸವೆಯುತ್ತಿರಲಿಲ್ಲ; ಅದು ಹೊತ್ತು ತರುವ ಮರಳು, ಕಲ್ಲುಗುಂಡುಗಳೇ ಉಳಿಯ ಕೆಲಸ ಮಾಡುತ್ತವೆ.

“ಅಜ್ಜಾ, ಆ ಮರದ ದಿಮ್ಮಿಯನ್ನು ಅಷ್ಟು ಮೇಲೆ ಯಾರು ಇಟ್ಟರು?” ಎಂದು ಮೊಮ್ಮಗಳು ಕೇಳಿದಳು. ತಲೆಯೆತ್ತಿ ನೋಡಿದೆ. ನಮ್ಮ ತಲೆಗಿಂತ ಬಹಳ ಮೇಲೆ, ಎರಡು ಗೋಡೆಗಳ ನಡುವೆ, ದಿಮ್ಮಿಯೊಂದು ತೊಲೆಯಂತೆ ಸಿಕ್ಕಿಕೊಂಡಿತ್ತು. ಪ್ರವಾಹ ಅಷ್ಟು ಎತ್ತರಕ್ಕೆ ಏರಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಅದುವರೆಗೆ ನನ್ನ ಮನಸ್ಸಿನಲ್ಲಿದ್ದ ಸೌಂದರ್ಯದ ಭಾವ ಒಂದು ಕ್ಷಣ ಹಿಂದೆ ಸರಿಯಿತು.

ಪೇಜ್ ಊರಿನ ಸಮೀಪ, ಮೂಲನಿವಾಸಿಗಳಾದ ನವಾಹೊ ಜನರ ನಾಡಿನಲ್ಲಿ, ಆಂಟಿಲೋಪ್ ಎಂಬ ಇಂಥದೇ ಕಂದರವಿದೆ. ಅದರ ಮೇಲ್ಭಾಗಕ್ಕೆ ಅವರು ಇಟ್ಟ ಹೆಸರಿನ ಅರ್ಥ, ಬಂಡೆಗಳ ನಡುವೆ ನೀರು ಹರಿಯುವ ಸ್ಥಳ. ಹೆಸರಿನಲ್ಲಿಯೇ ಎಚ್ಚರಿಕೆಯಿದೆ. 1997ರ ಆಗಸ್ಟ್ 12ರಂದು ಅದರ ಕೆಳಭಾಗದಲ್ಲಿದ್ದ 11 ಮಂದಿ ಪ್ರವಾಸಿಗರು ಹಠಾತ್ ಪ್ರವಾಹದಲ್ಲಿ ಕೊಚ್ಚಿಹೋದರು. ಕಂದರದ ಮೇಲೆ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಗುಡುಗುಮಳೆ ಸುರಿದದ್ದು ಮೈಲಿಗಟ್ಟಲೆ ದೂರದಲ್ಲಿ. ಈಗ ಅಲ್ಲಿ ಮಾರ್ಗದರ್ಶಿಯಿಲ್ಲದೆ ಪ್ರವೇಶವಿಲ್ಲ, ಕಬ್ಬಿಣದ ಮೆಟ್ಟಿಲುಗಳನ್ನೂ ಬಿಗಿದಿದ್ದಾರೆ. ಬಕ್‌ಸ್ಕಿನ್‌ನಲ್ಲಾದರೋ ಕಾಯುವವರು ಯಾರೂ ಇಲ್ಲ. ಅಷ್ಟು ಉದ್ದದ ಕಂದರದಿಂದ ನಡುವೆ ಮೇಲೇರಲು ಒಂದೇ ದಾರಿ, ಅದೂ ಬಂಡೆ ಹತ್ತಬಲ್ಲವರಿಗೆ ಮಾತ್ರ.

ಎರಡು ಮೈಲಿಗೆ ಕೊಂಚ ಕಡಿಮೆ ನಡೆದ ಮೇಲೆ ನಮ್ಮ ಹಳ್ಳ ಬಕ್‌ಸ್ಕಿನ್ ಅನ್ನು ಕೂಡುವ ಬಯಲು ಸಿಕ್ಕಿತು. ಅಲ್ಲಿ ಬಂಡೆಯ ಮೇಲೆ ಪ್ರಾಚೀನರು ಕೊರೆದ ಕಾಡುಕುರಿಗಳ ಚಿತ್ರಗಳಿವೆ, ಸುತ್ತಿದ ಕೊಂಬುಗಳ ಸಮೇತ. ಮೊಮ್ಮಗಳು ಅವನ್ನು ಎಣಿಸುತ್ತ ಕುಳಿತಳು. ನನಗೆ ಮುಂದೆ ಹೋಗುವ ಆಸೆ. ಕಾಲಲ್ಲಿ ಇನ್ನೂ ಬಲವಿತ್ತು. ಆಕಾಶ ತೊಳೆದಿಟ್ಟಂತೆ ನಿರ್ಮಲವಾಗಿತ್ತು.

ಅಳಿಯಂದಿರು ಗಡಿಯಾರ ನೋಡಿದರು. “ಮಾವನವರೇ, ಮಧ್ಯಾಹ್ನದ ಮೇಲೆ ಗುಡುಗುಮಳೆಯ ಸಂಭವವಿದೆಯೆಂದು ಮುನ್ಸೂಚನೆಯಿದೆ. ಇಲ್ಲಿಂದಲೇ ಹಿಂದಿರುಗೋಣ” ಎಂದರು.

“ಒಂದು ಮೋಡವೂ ಇಲ್ಲವಲ್ಲ?”

“ನಮಗೆ ಕಾಣುವ ಆಕಾಶ ಇಷ್ಟೇ ತಾನೇ? ನೀರು ಬರುವುದು ಕಾಣದ ಕಡೆಯಿಂದ.”

ಅರವತ್ತು ದಾಟಿದವನಿಗೆ ಕಿರಿಯರ ಮಾತಿಗೆ ತಲೆಬಾಗುವುದು ಸುಲಭವಲ್ಲ. ವಾದಕ್ಕೆ ಬಾಯಿ ತೆರೆದವನು ಆ ದಿಮ್ಮಿಯನ್ನು ನೆನೆದು ಸುಮ್ಮನಾದೆ. ಹಿಂದಿರುಗುವ ದಾರಿಯಲ್ಲಿ ಅರ್ಧ ಮೈಲಿ ನಾನು ಮಾತನಾಡಲಿಲ್ಲ. ಅದನ್ನು ಮೌನವ್ರತವೆಂದು ಹೇಳಿಕೊಳ್ಳಲಾರೆ, ಮುನಿಸೇ ಆಗಿತ್ತು.

ಕಾರಿನ ಬಳಿ ಬಂದಾಗ ಉತ್ತರದ ಬೆಟ್ಟಗಳ ಮೇಲೆ ಮೋಡ ಕಪ್ಪಾಗಿ ನಿಂತಿತ್ತು. ನಮ್ಮ ನೆತ್ತಿಯ ಮೇಲೆ ಆಗಲೂ ಬಿಸಿಲು. ಆ ಸಂಜೆ ಕಂದರಕ್ಕೆ ನೀರು ಬಂದಿತೋ ಇಲ್ಲವೋ ನಮಗೆ ತಿಳಿಯಲಿಲ್ಲ. ಮೊಮ್ಮಗಳು ಬೂಟು ಬಿಚ್ಚಿ ಕೊಡವಿದಳು; ಒಂದು ಹಿಡಿ ಕೆಂಪು ಮರಳು ನೆಲಕ್ಕೆ ಸುರಿಯಿತು.