27 ಸೆಂಟಿಮೀಟರಿನ ಖುಕ್ರಿ



ಗೋದಲಿ ಕಟ್ಟಲು ಬಾರದ ಯುವಕ ಯುವತಿಯರು ನಮ್ಮ ಧರ್ಮಕೇಂದ್ರದಲ್ಲಿ ಇಲ್ಲವೆಂದೇ ಹೇಳಬಹುದು. ಡಿಸೆಂಬರ್ ಬಂತೆಂದರೆ ಮುಳಿಹುಲ್ಲು, ಬಿದಿರು, ಹಳೆಯ ಗೋಣಿಚೀಲ ಸೇರಿಸಿ ಒಂದು ಸಣ್ಣ ಬೆತ್ಲೆಹೇಮನ್ನೇ ಎಬ್ಬಿಸುತ್ತೇವೆ. ಅದರಲ್ಲಿ ಕುರುಬನಿಗಿಂತ ಕುರಿ ದೊಡ್ಡದು, ಒಂಟೆಯ ಪಕ್ಕದಲ್ಲಿ ಅದರಷ್ಟೇ ಎತ್ತರದ ಕೋಳಿ. ಯಾರೂ ತಕರಾರು ಮಾಡುವುದಿಲ್ಲ. ಆದರೆ ಅಳತೆಯ ಮಾದರಿ ಕಟ್ಟುವವರ ಲೋಕದಲ್ಲಿ ಇಂತಹ ಕೋಳಿಗೆ ಜಾಗವಿಲ್ಲ. ಅಲ್ಲಿ ಒಂದು ಸ್ಕೇಲ್ ಆರಿಸಿಕೊಂಡರೆ ಹಡಗು, ಏಣಿ, ದೋಣಿ, ಮನುಷ್ಯ ಎಲ್ಲವೂ ಅದೇ ಲೆಕ್ಕದಲ್ಲಿ ಕುಗ್ಗಬೇಕು.

ಕಳೆದ ವರ್ಷ ನಾವು ಐದು ಮಂದಿ ಸೇರಿ ಇಂತಹ ಒಂದು ಮಾದರಿ ಕಟ್ಟಿದೆವು. ಅದು ಭಾರತೀಯ ನೌಕಾಪಡೆಯ ಐಎನ್‌ಎಸ್ ಖುಕ್ರಿ ಎಂಬ ಯುದ್ಧನೌಕೆ. ಯುವಜನರ ಭಾನುವಾರದಂದು ಹಾಲಿನಲ್ಲಿ ಅದನ್ನು ನೋಡಿದ ಹಲವರು ಕೇಳಿದ ಪ್ರಶ್ನೆಗಳಿಗೆ ಅಂದು ಸರಿಯಾಗಿ ಉತ್ತರಿಸಲು ಸಮಯವಿರಲಿಲ್ಲ. ಅದಕ್ಕಾಗಿ ಈ ಬರಹ.

ಮೊದಲು ಈ ಹವ್ಯಾಸದ ಬಗ್ಗೆ ಎರಡು ಮಾತು. ಯುದ್ಧನೌಕೆಯ ಮಾದರಿ ಕಟ್ಟುವವರು ಪ್ರಪಂಚದಲ್ಲೆಲ್ಲಾ ಇದ್ದಾರೆ. ಹೆಚ್ಚಿನವರು ಪ್ಲಾಸ್ಟಿಕ್ ಕಿಟ್ ಕೊಂಡು ಜೋಡಿಸುತ್ತಾರೆ. ಜಪಾನಿನ ಶಿಜುವೊಕಾ ಪ್ರಾಂತ್ಯ ಇದಕ್ಕೆ ಹೆಸರುವಾಸಿ. ಅಲ್ಲಿನ ತಾಮಿಯಾ, ಹಸೆಗಾವಾ, ಅಯೋಷಿಮಾ, ಫುಜಿಮಿ ಎಂಬ ನಾಲ್ಕು ಕಂಪೆನಿಗಳು 1971ರಲ್ಲಿ ಒಟ್ಟು ಸೇರಿ, ಹಡಗುಗಳನ್ನು ಹಂಚಿಕೊಂಡು, 1/700 ಅಳತೆಯ ಕಿಟ್‌ಗಳನ್ನು ಹೊರತರಲು ಆರಂಭಿಸಿದವು. ನೀರಿನ ಮೇಲೆ ಕಾಣುವ ಭಾಗವನ್ನಷ್ಟೇ ಮಾಡುವ ಕಾರಣ ಅದಕ್ಕೆ ವಾಟರ್‌ಲೈನ್ ಸರಣಿ ಎಂದು ಹೆಸರು. ಇನ್ನೊಂದು ಜನಪ್ರಿಯ ಅಳತೆ 1/350.

ಕಿಟ್ ಇಲ್ಲದೆ ಕಟ್ಟುವವರೂ ಇದ್ದಾರೆ. ಇಂಗ್ಲೆಂಡಿನ ಫಿಲಿಪ್ ವಾರೆನ್ ಎಂಬವರು 1948ರಲ್ಲಿ, ಇನ್ನೂ ಹದಿಹರೆಯದಲ್ಲಿರುವಾಗ, ಬೆಂಕಿಕಡ್ಡಿ ಮತ್ತು ಮರದ ಬೆಂಕಿಪೊಟ್ಟಣಗಳಿಂದ ಯುದ್ಧನೌಕೆ ಮಾಡಲು ಶುರುಮಾಡಿ, ದಶಕಗಳ ಕಾಲ ಬಿಡದೆ 400ಕ್ಕೂ ಹೆಚ್ಚು ಹಡಗುಗಳನ್ನು 1/300 ಅಳತೆಯಲ್ಲಿ ಕಟ್ಟಿದರು. ಒಳ್ಳೆಯ ಕಿಟ್‌ನ ಬೆಲೆ ಕೇಳಿ ಹಿಂದೆ ಸರಿದಿದ್ದ ನಮಗೆ ಇವರ ಕಥೆಯೇ ಧೈರ್ಯ ಕೊಟ್ಟದ್ದು.

ಖುಕ್ರಿಯನ್ನೇ ಯಾಕೆ ಆರಿಸಿಕೊಂಡಿರಿ ಎಂದು ಕೇಳಿದರೆ, ನಿಜ ಹೇಳಬೇಕೆಂದರೆ ಮೊದಲ ಕಾರಣ ಅನುಕೂಲ. ಖುಕ್ರಿ ಬ್ರಿಟನ್ನಿನಲ್ಲಿ ಕಟ್ಟಿದ ಬ್ಲ್ಯಾಕ್‌ವುಡ್ ವರ್ಗದ ಫ್ರಿಗೇಟ್. ಇದೇ ವರ್ಗದ 12 ಹಡಗುಗಳು ಬ್ರಿಟಿಷ್ ನೌಕಾಪಡೆಯಲ್ಲಿದ್ದವು. ಖುಕ್ರಿ, ಕೃಪಾಣ್, ಕುಠಾರ್ ಎಂಬ ಮೂರು ನಮ್ಮಲ್ಲಿಗೆ ಬಂದವು. ಆದ್ದರಿಂದ ಚಿತ್ರಗಳಿಗೂ ನಕ್ಷೆಗಳಿಗೂ ಕೊರತೆಯಿಲ್ಲ. ಉದ್ದ 310 ಅಡಿ, ಅಂದರೆ ಸುಮಾರು 94.5 ಮೀಟರ್. ಅದನ್ನು 350ರಿಂದ ಭಾಗಿಸಿದರೆ 27 ಸೆಂಟಿಮೀಟರ್. ಶಾಲೆಯ ಒಂದಡಿ ಸ್ಕೇಲಿಗಿಂತ ಸ್ವಲ್ಪ ಚಿಕ್ಕದು. ಅಗಲ ಮೂರು ಸೆಂಟಿಮೀಟರೂ ಇಲ್ಲ.

ಹಡಗಿನ ಒಡಲಿಗೆ 3 ಮಿ.ಮೀ. ದಪ್ಪದ ಬಾಲ್ಸಾ ಮರದ ಹಾಳೆಗಳನ್ನು ತಂದೆವು. ಭೂಗೋಳ ಪಾಠದಲ್ಲಿ ಗುಡ್ಡದ ಎತ್ತರ ತೋರಿಸಲು ಗೆರೆಯೊಳಗೆ ಗೆರೆ ಎಳೆಯುತ್ತಾರಲ್ಲ, ಅದೇ ಕ್ರಮ. ಪ್ರತಿ ಮಟ್ಟದಲ್ಲಿ ಹಡಗಿನ ಆಕಾರ ಹೇಗಿದೆಯೋ ಹಾಗೆ ಒಂದೊಂದು ಹಾಳೆ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಮೆಟ್ಟಿಲಿನಂತೆ ಉಳಿದ ಅಂಚುಗಳನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ನಯಗೊಳಿಸಬೇಕು. ಉಜ್ಜುವುದೇ ಮೂರು ವಾರ ಹಿಡಿಯಿತು. ಮೇಲಿನ ಕಟ್ಟಡಗಳು ಮದುವೆ ಕಾಗದದ ದಪ್ಪ ರಟ್ಟಿನವು. ಫಿರಂಗಿಯ ನಳಿಗೆಗೆ ಸುಟ್ಟುಹೋದ ಮಿಕ್ಸಿಯ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿ. ಹಡಗಿನ ಮುಂದಲೆ ಹಿಂದಲೆಗಳ ಹೆಸರನ್ನು ನಮಗೆ ಕಲಿಸಿದವರು ಕಡಪ್ಪುರದ ಮೀನುಗಾರ ಗೆಳೆಯರು. ಅವರ ಮಲಯಾಳದಲ್ಲಿ ಮುಂಭಾಗ ಅಣಿಯಂ, ಹಿಂಭಾಗ ಅಮರಂ. ನಮ್ಮ ಕೆಲಸದ ಮೇಜಿನಲ್ಲೂ ಅದೇ ಮಾತು ಉಳಿಯಿತು.

ಇನ್ನು ಲೆಕ್ಕದ ತಮಾಷೆ. ಬಿ.ಎಸ್ಸಿ. ಓದುವಾಗ ಪುಸ್ತಕದಲ್ಲಿ ಕಂಡದ್ದು ಇಲ್ಲಿ ಕೈಯಲ್ಲಿ ಕಂಡಿತು. ಉದ್ದವನ್ನು 350 ಪಟ್ಟು ಕುಗ್ಗಿಸಿದರೆ ತೂಕ 350 ಪಟ್ಟು ಕುಗ್ಗುವುದಲ್ಲ. 350ನ್ನು ಮೂರು ಸಲ ಗುಣಿಸಿದಷ್ಟು, ಅಂದರೆ 4 ಕೋಟಿ 28 ಲಕ್ಷಕ್ಕೂ ಹೆಚ್ಚು ಪಟ್ಟು ಕುಗ್ಗುತ್ತದೆ. ಸುಮಾರು 1,200 ಟನ್ನಿನ ಹಡಗು ನಮ್ಮ ಅಳತೆಯಲ್ಲಿ 28 ಗ್ರಾಂ ಮಾತ್ರ, ಅರ್ಧ ಕೋಳಿಮೊಟ್ಟೆಯಷ್ಟು! ಮಾದರಿ ನಿಜವಾದ ಹಡಗಿನಷ್ಟೇ ನೀರಿನಲ್ಲಿ ಮುಳುಗಿ ತೇಲಬೇಕಾದರೆ ಅದರ ತೂಕ ಅಷ್ಟೇ ಇರಬೇಕು. ಮಾವಿನ ಹಲಗೆಯಲ್ಲಿ ಮಾಡಿದ್ದರೆ ಅದರ ಎರಡು ಪಟ್ಟಿಗಿಂತಲೂ ಹೆಚ್ಚಾಗುತ್ತಿತ್ತು. ಬಣ್ಣವೂ ಹಾಗೆಯೇ. ದಪ್ಪಗೆ ಒಂದು ಕೈ ಹಚ್ಚಿ ಅದು 0.2 ಮಿ.ಮೀ. ಆದರೆ, ನಿಜವಾದ ಹಡಗಿಗೆ ಏಳು ಸೆಂಟಿಮೀಟರ್ ದಪ್ಪ ಬಣ್ಣ ಮೆತ್ತಿದ ಹಾಗೆ. ಆದ್ದರಿಂದ ನೀರು ನೀರಾಗಿ ಕಲಸಿ ಐದಾರು ಸಲ ಹಚ್ಚಬೇಕು, ಪ್ರತಿ ಸಲ ಒಣಗಲು ಬಿಡಬೇಕು. ಅವಸರ ಇದ್ದವರಿಗೆ ಈ ಹವ್ಯಾಸ ಆಗುವುದಿಲ್ಲ. ನಮ್ಮಲ್ಲಿ ಅವಸರ ಇದ್ದ ಇಬ್ಬರು ಸ್ವಲ್ಪ ಬದಲಾಗಿದ್ದಾರೆ ಎಂದು ಅವರ ಅಮ್ಮಂದಿರೇ ಹೇಳಿದ್ದಾರೆ.

ಹಡಗು ಅರ್ಧ ಮುಗಿದಾಗ ಒಂದು ಆಕ್ಷೇಪ ಬಂತು. ಸಭೆಯಲ್ಲಿ ಹಿರಿಯರೊಬ್ಬರು, "ಚರ್ಚಿನ ಹಾಲಿನಲ್ಲಿ ಯುದ್ಧದ ಹಡಗು ಯಾಕೆ ಮಕ್ಕಳೇ? ನೋಹನ ನಾವೆ ಮಾಡಬಹುದಿತ್ತಲ್ಲ?" ಎಂದರು. ಎಲ್ಲರೂ ನಕ್ಕರು. ಆದರೆ ಪ್ರಶ್ನೆ ನಗುವಂತಹದ್ದಲ್ಲ. ಶಾಂತಿಯ ರಾಜನೆಂದು ಕ್ರಿಸ್ತರನ್ನು ಕರೆಯುವ ನಾವು ಫಿರಂಗಿಗೆ ಬಣ್ಣ ಹಚ್ಚುತ್ತಾ ಕೂತಿರುವುದು ಸರಿಯೇ ಎಂದು ನಮ್ಮೊಳಗೇ ಎರಡು ಪಕ್ಷವಾಯಿತು.

ಒಂದು ಪಕ್ಷದವರು ಡೆನ್ಮಾರ್ಕಿನ ಉದಾಹರಣೆ ತಂದರು. ಆ ದೇಶದ ನೂರಾರು ಚರ್ಚುಗಳಲ್ಲಿ ಹಡಗಿನ ಮಾದರಿಗಳನ್ನು ಛಾವಣಿಯಿಂದ ತೂಗುಬಿಟ್ಟಿರುತ್ತಾರೆ. ಅವುಗಳಲ್ಲಿ ಹಳೆಯ ಯುದ್ಧನೌಕೆಗಳು ಬಹಳ. ಸಾಲು ಸಾಲು ತೋಪಿನ ಕಿಂಡಿಗಳನ್ನೂ ಬಿಡದೆ ಮಾಡಿರುತ್ತಾರೆ. ನಾವಿಕರೂ ಅವರ ಮನೆಯವರೂ ಕೊಟ್ಟ ಕಾಣಿಕೆಗಳವು. ಕಡಲಿಗೆ ಹೋದವರನ್ನು ನೆನೆಯುವ ಕ್ರಮ ಅದು.

ಇನ್ನೊಂದು ಪಕ್ಷದವರು ಸುಲಭವಾಗಿ ಒಪ್ಪಲಿಲ್ಲ. ಮಾದರಿ ಎಷ್ಟು ಅಚ್ಚುಕಟ್ಟಾದಷ್ಟೂ ಅದರಲ್ಲಿ ಯುದ್ಧ ಕಾಣುವುದಿಲ್ಲ ಎಂಬುದು ಅವರ ವಾದ. ಜಪಾನಿನ ಯಮಾಟೊ ಹಡಗಿನ ಕಿಟ್ ಈ ಹವ್ಯಾಸದವರಲ್ಲಿ ಅತ್ಯಂತ ಪ್ರಿಯವಾದದ್ದು. 263 ಮೀಟರಿನ ಹಡಗು 1/350ರಲ್ಲಿ 75 ಸೆಂಟಿಮೀಟರ್. ಶೋಕೇಸಿನಲ್ಲಿ ಎಷ್ಟು ಚೆಂದ! 1945ರ ಏಪ್ರಿಲ್ 7ರಂದು ಅದು ಮುಳುಗಿದಾಗ ಸತ್ತವರು ಸುಮಾರು 3,000 ಮಂದಿ. ಶೋಕೇಸಿನಲ್ಲಿ ಅದು ಎಲ್ಲಿದೆ ಎಂದು ಅವರು ಕೇಳಿದರು. ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಕೆಲಸ ನಿಲ್ಲಿಸಲೂ ಇಲ್ಲ, ಮನಸ್ಸಿಗೆ ಸಮಾಧಾನವೂ ಇಲ್ಲ.

ಆ ಸಮಯದಲ್ಲಿ ನಮ್ಮ ಧರ್ಮಕೇಂದ್ರದವರೇ ಆದ, ನೌಕಾಪಡೆಯಿಂದ ನಿವೃತ್ತರಾದ ಅಜ್ಜ ಒಬ್ಬರು ನೋಡಲು ಬಂದರು. ಅವರು ಹಡಗಿನ ಇಂಜಿನ್ ವಿಭಾಗದಲ್ಲಿ ದುಡಿದವರು. 1971ರ ಯುದ್ಧದಲ್ಲಿ ಬೇರೆ ಹಡಗಿನಲ್ಲಿದ್ದರು. ಮಾದರಿಯನ್ನು ಬೆಳಕಿಗೆ ಹಿಡಿದು, ಅಣಿಯದಿಂದ ಅಮರದವರೆಗೆ ನಿಧಾನವಾಗಿ ನೋಡಿದರು. ಹೊಗೆಕೊಳವೆಯ ಕೆಳಗೆ, ನೀರಿನ ಗೆರೆಗಿಂತಲೂ ಕೆಳಗೆ, ಉಗುರಿನಿಂದ ತೋರಿಸಿ ಹೇಳಿದರು: "ಇಂಜಿನ್ ರೂಮ್ ಇಲ್ಲಿ. ಇಲ್ಲಿ ಜನ ಇರುತ್ತಾರೆ. ನೀವು ಮರ ತುಂಬಿಸಿದ್ದೀರಿ."

ಕೋಪದಿಂದ ಹೇಳಿದ್ದಲ್ಲ. ಮಾದರಿ ಚೆನ್ನಾಗಿದೆ ಎಂದೇ ಹೇಳಿ, ಆಮೇಲೆ ಕುರ್ಚಿಯಲ್ಲಿ ಕೂತು ಖುಕ್ರಿಯ ಕಥೆ ಹೇಳಿದರು. ನಾವು ಓದಿ ತಿಳಿದಿದ್ದೆವು. ಆದರೆ ಅವರ ಬಾಯಲ್ಲಿ ಕೇಳುವಾಗ ಬೇರೆಯೇ ಆಯಿತು. 1971ರ ಡಿಸೆಂಬರ್ 9ರ ರಾತ್ರಿ. ಖುಕ್ರಿ ಮತ್ತು ಕೃಪಾಣ್ ಗುಜರಾತಿನ ತೀರದಾಚೆ, ದೀವ್‌ಗೆ ದೂರದ ಕಡಲಿನಲ್ಲಿ ಶತ್ರುವಿನ ಸಬ್‌ಮರೀನನ್ನು ಹುಡುಕುತ್ತಿದ್ದವು. ಪಾಕಿಸ್ತಾನದ ಹ್ಯಾಂಗೋರ್ ಎಂಬ ಸಬ್‌ಮರೀನ್ ಬಿಟ್ಟ ಟಾರ್ಪಿಡೊ ಖುಕ್ರಿಗೆ ತಾಗಿತು. ಕೆಲವೇ ನಿಮಿಷಗಳಲ್ಲಿ ಹಡಗು ಮುಳುಗಿತು. 18 ಅಧಿಕಾರಿಗಳು, 176 ನಾವಿಕರು, ಒಟ್ಟು 194 ಮಂದಿ ಅದರೊಂದಿಗೆ ಹೋದರು. ಬದುಕಿದವರು 67 ಮಂದಿ. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಇತರರನ್ನು ಹೊರಗೆ ಕಳುಹಿಸಿ, ತಾವು ಹಡಗನ್ನು ಬಿಡಲಿಲ್ಲ. ಅವರಿಗೆ ಮರಣಾನಂತರ ಮಹಾವೀರ ಚಕ್ರ ಬಂತು. ದೀವ್‌ನಲ್ಲಿ ಕಡಲಿಗೆ ಮುಖ ಮಾಡಿದ ಒಂದು ದಿಣ್ಣೆಯ ಮೇಲೆ ಖುಕ್ರಿಯ ಸ್ಮಾರಕವಿದೆ. ಅಲ್ಲಿಯೂ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿರುವುದು ಹಡಗಿನ ಒಂದು ಮಾದರಿಯನ್ನೇ.

"ಕೆಳಗೆ ಇದ್ದವರಿಗೆ ಮೇಲೆ ಬರಲು ಏಣಿ ಹತ್ತಬೇಕು. ಕತ್ತಲೆ, ಹಡಗು ವಾಲಿದೆ," ಎಂದರು ಅಜ್ಜ. ಲೋನಾವಳದಲ್ಲಿ ಅವರೊಡನೆ ತರಬೇತಿ ಪಡೆದ ಒಬ್ಬ ಗೆಳೆಯ ಆ ಕೆಳಗಿನವರಲ್ಲಿದ್ದ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅವರೇ ಮುಂದುವರಿಸಿದರು. ಅದೇ ತಿಂಗಳ ಆರಂಭದಲ್ಲಿ ವಿಶಾಖಪಟ್ಟಣದ ಹತ್ತಿರ ಪಾಕಿಸ್ತಾನದ ಗಾಜಿ ಸಬ್‌ಮರೀನ್ ಮುಳುಗಿತ್ತು. ಅದರಲ್ಲಿ 90ಕ್ಕೂ ಹೆಚ್ಚು ಮಂದಿ ಇದ್ದರು, ಒಬ್ಬನೂ ಬದುಕಲಿಲ್ಲ. "ಆಗ ನಾವು ಚಪ್ಪಾಳೆ ಹೊಡೆದೆವು. ಐದಾರು ದಿನದಲ್ಲಿ ಖುಕ್ರಿ ಸುದ್ದಿ ಬಂತು. ಅವರಿಗೂ ಇಂಜಿನ್ ರೂಮ್ ಇತ್ತು ಅಂತ ನನಗೆ ಹೊಳೆದದ್ದು ಆಮೇಲೆ."

ಆ ಸಂಜೆ ಅಜ್ಜ ಹೋದ ಮೇಲೆ ನಮ್ಮಲ್ಲೊಬ್ಬಳು ಲೆಕ್ಕ ಹಾಕಿದಳು. ಒಂದು ಮೀಟರ್ 70 ಸೆಂಟಿಮೀಟರ್ ಎತ್ತರದ ಮನುಷ್ಯ 1/350ರಲ್ಲಿ ಎಷ್ಟಾಗುತ್ತಾನೆ? ಐದು ಮಿಲಿಮೀಟರಿಗೆ ತುಸು ಕಡಿಮೆ. ಹೆಚ್ಚುಕಡಿಮೆ ನಮ್ಮ ಮನೆಯ ಒಂದು ಕುಚ್ಚಲಕ್ಕಿ ಕಾಳು. ಮರುದಿನ ಅವಳು ಒಂದು ಪೊಟ್ಟಣ ಅಕ್ಕಿ ತಂದಳು. ಮೇಜಿನ ಸುತ್ತ ಕೂತು 194 ಕಾಳು ಎಣಿಸಿದೆವು. ಅಂಗೈಯಲ್ಲಿ ಹಿಡಿದರೆ ಒಂದು ಹಿಡಿಯೂ ಇಲ್ಲ. ಆದರೆ ಹಡಗಿನ ಪಕ್ಕದಲ್ಲಿ, ಕಪ್ಪು ಬಟ್ಟೆಯ ಮೇಲೆ ಒಂದೊಂದಾಗಿ ಸಾಲಿಟ್ಟಾಗ ಅಷ್ಟು ಮಂದಿ ಈ ಸಣ್ಣ ಹಡಗಿನಲ್ಲಿ ಹೇಗೆ ಇದ್ದರು ಎಂದು ಎಲ್ಲರಿಗೂ ಆಶ್ಚರ್ಯವಾಯಿತು. ಎರಡು ಪಕ್ಷದವರ ವಾದವೂ ಅಲ್ಲಿಗೆ ನಿಂತಿತು. ಯಾರೂ ಗೆದ್ದರೆಂದಲ್ಲ. ಹಡಗನ್ನು ಇನ್ನು ಕಾಳುಗಳಿಲ್ಲದೆ ತೋರಿಸುವುದು ಬೇಡ ಎಂದು ಎಲ್ಲರೂ ಒಪ್ಪಿದೆವು.

ಯುವಜನರ ಭಾನುವಾರದಂದು ನೀವು ನೋಡಿದ್ದು ಅದನ್ನೇ. ಕೆಲವರು ಅಕ್ಕಿ ಯಾಕೆ ಎಂದು ಕೇಳಿದಿರಿ. ಪೂಜೆಗೆ ಇಟ್ಟದ್ದೋ ಎಂದೂ ಒಬ್ಬರು ಕೇಳಿದರು. ಅದರ ಉತ್ತರ ಇದು. ನೋಹನ ನಾವೆಯ ಬಗ್ಗೆ ಹೇಳಿದ ಹಿರಿಯರು ಆ ದಿನ ತುಂಬ ಹೊತ್ತು ಮೇಜಿನ ಬಳಿ ನಿಂತಿದ್ದರು. ಈಗಲೂ ಅವರಿಗೆ ಯುದ್ಧದ ಹಡಗು ಇಷ್ಟವಿಲ್ಲ, ಅದು ಅವರ ಹಕ್ಕು. ಆದರೆ ಕಾಳುಗಳನ್ನು ಬಟ್ಟೆಯಿಂದ ತೆಗೆದು ಇಡಲು ಒಂದು ಗಾಜಿನ ಬಾಟಲಿ ತಂದುಕೊಟ್ಟವರು ಅವರೇ.

ಈ ಹವ್ಯಾಸ ಶುರುಮಾಡಬೇಕೆಂದಿರುವವರಿಗೆ ನಮ್ಮ ಸಲಹೆ ಇಷ್ಟೇ. ದೊಡ್ಡ ಹಡಗಿಗೆ ಕೈಹಾಕಬೇಡಿ. ಚೂಪಾದ ಕಟ್ಟರ್, ಉಕ್ಕಿನ ಸ್ಕೇಲ್, ಒಳ್ಳೆಯ ಅಂಟು, ಮೂರು ಬಗೆಯ ಸ್ಯಾಂಡ್‌ಪೇಪರ್ ಇದ್ದರೆ ಆರಂಭಕ್ಕೆ ಸಾಕು. ಸಾಧ್ಯವಾದರೆ ನಿಜವಾದ ಹಡಗನ್ನು ಒಮ್ಮೆ ಹತ್ತಿ ನೋಡಿ. ಕಾರವಾರದ ಕಡಲತೀರದಲ್ಲಿ ಐಎನ್‌ಎಸ್ ಚಾಪೆಲ್ ಎಂಬ ಕ್ಷಿಪಣಿ ದೋಣಿಯನ್ನು ವಸ್ತುಸಂಗ್ರಹಾಲಯವಾಗಿ ಇಟ್ಟಿದ್ದಾರೆ. ಕಾಸರಗೋಡಿನಿಂದ ರೈಲಿನಲ್ಲಿ ಹೋಗಬಹುದು. ಒಳಗಿನ ಇಕ್ಕಟ್ಟಿನಲ್ಲಿ ತಲೆ ತಗ್ಗಿಸಿ ನಡೆದರೆ, ಚಿತ್ರದಲ್ಲಿ ತಿಳಿಯದ್ದು ತಿಳಿಯುತ್ತದೆ. ಮತ್ತು ಯಾವ ಹಡಗನ್ನು ಕಟ್ಟುತ್ತೀರೋ, ಅದರಲ್ಲಿ ಇದ್ದವರು ಯಾರು, ಅವರಿಗೆ ಏನಾಯಿತು ಎಂದು ಮೊದಲು ಓದಿ. ಅದು ನಮ್ಮ ದೇಶದ ಹಡಗಾದರೂ ಸರಿ, ಶತ್ರುವಿನದ್ದಾದರೂ ಸರಿ.

ಮಾದರಿ ಈಗ ಧರ್ಮಕೇಂದ್ರದ ಗ್ರಂಥಾಲಯದ ಕಪಾಟಿನಲ್ಲಿದೆ, ಪಕ್ಕದಲ್ಲಿ ಅಕ್ಕಿಯ ಬಾಟಲಿ. ಮಳೆಗಾಲ ಕಳೆಯುವಷ್ಟರಲ್ಲಿ ಅಕ್ಕಿಗೆ ಹುಳು ಹಿಡಿಯಿತು. ವಾರ್ನಿಷ್ ಹಚ್ಚಿದರೆ ಹಾಳಾಗುವುದಿಲ್ಲ ಎಂದು ಒಬ್ಬರು ಸೂಚಿಸಿದರು. ಬೇಡವೆಂದೆವು. ಹುಳು ಹಿಡಿಯಲಿ, ವರ್ಷಕ್ಕೊಮ್ಮೆ ಹೊಸ ಅಕ್ಕಿ ತಂದು ಎಣಿಸೋಣ. ಈ ಡಿಸೆಂಬರ್ 9ರ ಸಂಜೆ ಧರ್ಮೋಪದೇಶದ ಮಕ್ಕಳು ಎಣಿಸಲು ಬರುತ್ತಾರೆ, ಅಜ್ಜನೂ ಬರುವುದಾಗಿ ಹೇಳಿದ್ದಾರೆ. ಗಾಜಿಯವರಿಗೂ ಒಂದು ಸಣ್ಣ ಬಾಟಲಿ ಇಡಬೇಕೆಂಬುದು ಅವರ ಆಸೆ, ಬಾಟಲಿ ಸಿಕ್ಕಿದೆ. 194 ಎಣಿಸಲು ಹತ್ತು ನಿಮಿಷ ಸಾಕು. ಗೋದಲಿಗೆ ಬಿದಿರು ತರಲು ಹೇಗೂ ಆ ಹೊತ್ತಿಗೆ ನೀವು ಚರ್ಚಿಗೆ ಬರುವವರೇ, ಸ್ವಲ್ಪ ಬೇಗ ಬನ್ನಿ.